ಮರಳುಗಾಡಿನಲ್ಲಿ ಕಂಬಳಿ ಹೊದ್ದು ನೋಡಿದ ಏರ್ ಫಿಲ್ಟರ್

ಜೀರಹಳ್ಳಿ

ವಿಮಾನ, ಸಮುದ್ರ, ಒಂಟೆ ಎಲ್ಲ ಆಮೇಲೆ. ಮೊದಲು ನಮ್ಮ ಜೀಪಿನ ಎಣ್ಣೆ ಬಟ್ಟಲಿನ ವಿಷಯ ಹೇಳಿಬಿಡುತ್ತೇನೆ. ಅದನ್ನು ಹೇಳದಿದ್ದರೆ ಒಮಾನ್ ದೇಶದಲ್ಲಿ ನಮಗಾದದ್ದು ಯಾರಿಗೂ ತಿಳಿಯುವುದಿಲ್ಲ.

ನನ್ನ ಯಜಮಾನರು ಮಹದೇವ, ತಾಳವಾಡಿಯಿಂದ ನಮ್ಮ ಜೀರಹಳ್ಳಿಗೂ ಅಲ್ಲಿಂದ ಆಚೆ ಕಾಡಂಚಿನ ಊರುಗಳಿಗೂ ಜೀಪು ಓಡಿಸುತ್ತಾರೆ. ಜನ, ಎಲೆಕೋಸು, ಬೀಟ್‌ರೂಟು, ಒಮ್ಮೊಮ್ಮೆ ಮೇಕೆ. ಜೀಪು ಹಳೆಯದು. ಅದರ ಏರ್ ಫಿಲ್ಟರಿನಲ್ಲಿ ಕಾಗದ ಗೀಗದ ಇಲ್ಲ. ತಳದಲ್ಲಿ ಒಂದು ಬಟ್ಟಲು, ಬಟ್ಟಲಿನಲ್ಲಿ ಎಣ್ಣೆ. ಹೊರಗಿನ ಗಾಳಿ ಆ ಎಣ್ಣೆಯನ್ನು ಸವರಿಕೊಂಡೇ ಎಂಜಿನ್ನಿನೊಳಗೆ ಹೋಗಬೇಕು, ಹೊತ್ತು ತಂದ ಧೂಳನ್ನು ಅಲ್ಲೇ ಬಿಟ್ಟು ಹೋಗಬೇಕು. ಬೇಸಿಗೆಯಲ್ಲಿ ನಮ್ಮ ದಾರಿಯ ಕೆಂಪು ಧೂಳು ಹೇಗಿರುತ್ತದೆಂದರೆ ಹಿಂದಿನ ಸೀಟಿನಲ್ಲಿ ಕೂತು ಬಂದವರ ಹುಬ್ಬೆಲ್ಲ ಕುಂಕುಮ. ಅಂಥ ದಿನಗಳಲ್ಲಿ ಇವರು ಸಂಜೆ ಬಂದವರೇ ಬಟ್ಟಲು ಬಿಚ್ಚಿ, ಅಂಬಲಿಯಂತೆ ಗಟ್ಟಿಯಾದ ಹಳೆ ಎಣ್ಣೆ ತೆಗೆದು ಹೊಸದು ಹುಯ್ಯುತ್ತಾರೆ. ಆಮೇಲೇ ಕಾಲು ತೊಳೆಯುವುದು.

“ಎಂಜಿನ್ನೂ ನಮ್ಮಂಗೇ ಕಣಮ್ಮಿ. ಮೂಗ್ ಕಟ್ಟುದ್ರೆ ಮುಗೀತು,” ಅನ್ನುತ್ತಾರೆ.

ಮಲ್ಲಿ ಇವರ ತಂಗಿ, ನನ್ನ ನಾದಿನಿ. ಒಮಾನಿನ ಒಳನಾಡಿನಲ್ಲಿ, ಮರಳುಗಾಡಿನ ಅಂಚಿನ ಸಣ್ಣ ಊರಿನ ಆಸ್ಪತ್ರೆಯಲ್ಲಿ ನರ್ಸು. ಹಿಂದಿನ ವರ್ಷ ಅವಳಿಗೆ ಜ್ವರ ಹಿಡಿದು ಹಾಸಿಗೆಯಿಂದ ಏಳಲಾರದೆ ಹೋದಾಗ, ಅವಳಲ್ಲಿ ಮದ್ದಿಗೆ ಬರುತ್ತಿದ್ದ ಮರಳುಗಾಡಿನ ಹೆಂಗಸೊಬ್ಬಳು ಅವಳನ್ನು ತನ್ನ ಬಿಡಾರಕ್ಕೇ ಕರೆದೊಯ್ದು, ಮೈ ಒರೆಸಿ, ಗಂಜಿ ಕುಡಿಸಿ, ಎದ್ದು ಓಡಾಡುವ ತನಕ ಕಳಿಸಿಕೊಡಲಿಲ್ಲವಂತೆ. ಇದು ನಮಗೆ ಗೊತ್ತಾದದ್ದು ಮಲ್ಲಿ ಪೂರ್ತಿ ಚೇತರಿಸಿಕೊಂಡ ಮೇಲೆ. ಅಂದಿನಿಂದ ನಮ್ಮತ್ತೆಗೆ ಒಂದೇ ಮಾತು.

“ನನ್ ಮಗಳಿಗೆ ಗಂಜಿ ಕುಡ್ಸಿದ ಆ ಕೈಯ ನಾನೊಂದ್ಸಲ ಮುಟ್ಬೇಕು ಕಣವ್ವ. ಮುಟ್ದೆ ನಾನು ಸಾಯಾಕಿಲ್ಲ.”

ಹೀಗೆ ನಾವು ಮೂವರು ಹೊರಟೆವು. ಅತ್ತೆಯ ಕೈಚೀಲದಲ್ಲಿ ಅವರ ತವರು ಗುಮಟಾಪುರದಿಂದ ತರಿಸಿದ ಕರಿ ಕುರಿಯ ಉಣ್ಣೆಯ ಕಂಬಳಿ, ಆ ಹೆಂಗಸಿಗೆಂದು. ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಹುಡುಗಿ ಅದನ್ನು ಬಿಚ್ಚಿ, ಮೂಗಿನ ಹತ್ತಿರ ಹಿಡಿದು, ಮೆಲ್ಲಗೆ ಮಡಿಸಿ ಕೊಟ್ಟಳು. “ಅವ್ಳ ಅಜ್ಜಿ ಮನೇಲೂ ಇದ್ದಾತು,” ಎಂದರು ಅತ್ತೆ.

ಮಲ್ಲಿಯ ಮನೆ

ಮಲ್ಲಿ ನಮ್ಮನ್ನು ಕರೆದೊಯ್ಯಲು ತಾನೇ ಗಾಡಿ ಓಡಿಸಿಕೊಂಡು ಬಂದಿದ್ದಳು! ಎತ್ತರದ, ದಪ್ಪ ಚಕ್ರದ, ನಾಲ್ಕು ಚಕ್ರಕ್ಕೂ ಎಂಜಿನ್ ಬಲ ಹೋಗುವ ಹಳೆಯ ಡೀಸೆಲ್ ಗಾಡಿ. ತಾಳವಾಡಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೂ ವಾಂತಿ ಮಾಡುತ್ತಿದ್ದ ಹುಡುಗಿ ಒಂದೇ ಕೈಯಲ್ಲಿ ಸ್ಟಿಯರಿಂಗ್ ತಿರುಗಿಸುತ್ತಿದ್ದಳು. ನಾನು ಹೊರಗಿನ ಬೆಟ್ಟ ನೋಡಲೋ ಅವಳನ್ನು ನೋಡಲೋ ತಿಳಿಯದೆ ಕುತ್ತಿಗೆ ನೋಯಿಸಿಕೊಂಡೆ. ಇವರು ಮಾತ್ರ ಕಿವಿ ನೆಟ್ಟಗೆ ಮಾಡಿ ಎಂಜಿನ್ ಶಬ್ದವನ್ನೇ ಕೇಳುತ್ತಿದ್ದರು.

“ಏರಲ್ಲಿ ಉಸ್ರು ಕಟ್ತದಲ್ಲಮ್ಮಿ ಇದ್ಕೆ?”

“ಊಂ ಕಣಣ್ಣ, ಆಸ್ಪತ್ರೆ ಕೆಲ್ಸದಲ್ಲಿ ಫಿಲ್ಟ್ರು ಬದಲಾಯ್ಸಕೇ ಆಗ್ಲಿಲ್ಲ.”

ಇವರ ಮುಖ ಅರಳಿತು. ಪರದೇಶದಲ್ಲಿ ನನಗೇನು ಕೆಲಸ ಅಂದುಕೊಂಡು ಬಂದವರಿಗೆ ಕೆಲಸ ಸಿಕ್ಕಿತ್ತು.

ಆ ಸಂಜೆ ಪಕ್ಕದ ಮನೆಯವರು ಕಾಫಿಗೆ ಕರೆದರು. ಮೊಟ್ಟೆಯಷ್ಟೇ ಇರುವ ಹಿಡಿಯಿಲ್ಲದ ಬಟ್ಟಲು, ಏಲಕ್ಕಿ ಹಾಕಿದ ತೆಳು ಕಾಫಿ, ಜೊತೆಗೆ ಖರ್ಜೂರ. ಕುಡಿದು ಮುಗಿಸಿದರೆ ಮತ್ತೆ ಹುಯ್ಯುತ್ತಾರೆ, ಮತ್ತೆ ಹುಯ್ಯುತ್ತಾರೆ. ಸಾಕು ಅಂದರೂ ನಗುತ್ತಾರೆ, ಹುಯ್ಯುತ್ತಾರೆ. ಇವರ ಹಣೆಯಲ್ಲಿ ಬೆವರು ಕಿತ್ತುಕೊಂಡಿತು. ಕೊನೆಗೆ ಮಲ್ಲಿ ತನ್ನ ಬಟ್ಟಲನ್ನು ಹಿಡಿದು ಅತ್ತಿತ್ತ ಅಲ್ಲಾಡಿಸಿ ತೋರಿಸಿದಳು. ಅದೇ ಇಲ್ಲಿ ‘ಸಾಕು’ ಅನ್ನುವ ರೀತಿ. ನಮ್ಮಲ್ಲಿ ಊಟದ ಎಲೆಯ ಮೇಲೆ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಲ್ಲಿ ಸಾರು ಹುಯ್ಯುವುದಿಲ್ಲವೇ, ಅದಕ್ಕಿಂತ ಇದು ಎಷ್ಟೋ ಮರ್ಯಾದೆಯದು.

ಅಲ್ಲಿರುವಾಗಲೇ ಮಲ್ಲಿಗೆ ಫೋನು ಬಂತು. ಮಾತು ಮುಗಿಸಿದವಳ ಮುಖ ಸಣ್ಣಗಾಗಿತ್ತು. ಗಂಜಿ ಕುಡಿಸಿದ ಆ ತಾಯಿಯ ಮಗ ಮಾಡಿದ್ದ ಫೋನು. ಬಿಸಿಲು ಈ ಸಲ ಬೇಗ ಏರಿದೆ, ಬಿಡಾರ ಕಿತ್ತು ಗಡಿಯಾಚೆಯ ನೆಂಟರ ಖರ್ಜೂರದ ತೋಟಕ್ಕೆ ಹೋಗುತ್ತಿದ್ದಾರೆ. ನಾಳಿದ್ದು ಸಂಜೆ ಬಿಸಿಲು ಇಳಿದ ಕೂಡಲೇ ಲಾರಿ ಹೊರಡುತ್ತದೆ. ಅವರು ಮರಳಿ ಬರುವಷ್ಟರಲ್ಲಿ ನಾವು ಜೀರಹಳ್ಳಿಯಲ್ಲಿ ರಾಗಿ ಬಿತ್ತುತ್ತಿರುತ್ತೇವೆ.

“ಅಂಗಾರೆ ನಾಳಿದ್ದು ಬೆಳಿಗ್ಗೇನೇ ಓಗವ,” ಎಂದರು ಅತ್ತೆ. ಬಟ್ಟಲು ಅಲ್ಲಾಡಿಸುವುದನ್ನು ಮರೆತಿದ್ದರು; ಅದು ಮತ್ತೆ ತುಂಬಿತ್ತು.

ಬಿಡಿಭಾಗದ ಅಂಗಡಿ

ಮರುದಿನ ಹೋದ ಅಂಗಡಿ ಪಾಲಕ್ಕಾಡಿನ ಕಡೆಯವರದು. ಅವರಿಗೆ ತಮಿಳು ಬರುತ್ತಿತ್ತು, ತಾಳವಾಡಿ ತಮಿಳುನಾಡಿಗೆ ಸೇರಿದ್ದರಿಂದ ನಮಗೂ ಬರುತ್ತದೆ; ಪರದೇಶ ಅನ್ನುವ ಭಯವೇ ಹೋಯಿತು. ನಮ್ಮ ಸತ್ಯಮಂಗಲದ ಪೇಟೆಯಲ್ಲಿ ನಿಂತ ಹಾಗೆ ಇವರು ಮೊಣಕೈ ಊರಿ ನಿಂತರು.

ಏರ್ ಫಿಲ್ಟರುಗಳಲ್ಲಿ ಇಷ್ಟು ಬಗೆ ಇದೆಯೆಂದು ನನಗೇನು ಗೊತ್ತು! ಅಂಗಡಿಯವರು ಸೀರೆ ಅಂಗಡಿಯವರಂತೆ ಒಂದೊಂದನ್ನೇ ಇಳಿಸಿ ಮೇಜಿನ ಮೇಲಿಟ್ಟರು. ಒಂದು ಕಾಗದದ್ದು: ದುಂಡಗೆ, ಎತ್ತರಕ್ಕೆ, ಸುತ್ತಲೂ ಲಂಗದ ನೆರಿಗೆಗಿಂತ ಸಣ್ಣ ನೆರಿಗೆ, ಮೇಲೆ ತಂತಿ ಜಾಲರಿ. ಕಾನ್ವೆಂಟಿನಲ್ಲಿ ನಾವು ಯೂನಿಫಾರ್ಮಿನ ನೆರಿಗೆಯನ್ನು ಹಾಸಿಗೆಯಡಿ ಇಟ್ಟು ಮಲಗುತ್ತಿದ್ದೆವು. ಇಷ್ಟು ನೇರ ನೆರಿಗೆ ನೋಡಿದ್ದರೆ ನಮ್ಮ ಸಿಸ್ಟರಮ್ಮ ಬಹುಮಾನ ಕೊಡುತ್ತಿದ್ದರು. ಇನ್ನೊಂದು ಕೆಂಪು ಹತ್ತಿಯದು, ತೊಳೆದು ಒಣಗಿಸಿ ಎಣ್ಣೆ ಹಚ್ಚಿ ಮತ್ತೆ ಬಳಸುವಂಥದ್ದು. ಮೂರನೆಯದು ಸ್ಪಂಜಿನದು.

ಮರಳಿಗೆ ಕಾಗದದ್ದೇ ಒಳ್ಳೆಯದು ಎಂದರು ಅಂಗಡಿಯವರು. ಹತ್ತಿಯದಕ್ಕೆ ಎಣ್ಣೆ ಕಡಿಮೆಯಾದರೆ ಹಿಟ್ಟಿನಂಥ ಧೂಳು ನುಸುಳುತ್ತದೆ, ಹೆಚ್ಚಾದರೆ ಎಣ್ಣೆಯೇ ಒಳಗೆ ಹೋಗುತ್ತದೆ. ಅದರ ಉಸಾಬರಿ ತಿಳಿದವರಿಗೆ ಮಾತ್ರ. ಕಾಗದದ್ದನ್ನು ಒಣದಾಗಿಯೇ ಇಟ್ಟುಕೊಳ್ಳಿ. ನೀರು ಬೇಡ, ಎಣ್ಣೆ ಬೇಡ. ಧೂಳು ಕೂತರೆ ಮೆಲ್ಲಗೆ ತಟ್ಟಿ, ಒಳಗಿನಿಂದ ಹೊರಕ್ಕೆ ಗಾಳಿ ಹಿಡಿಯಿರಿ. ಹೊರಗಿನಿಂದ ಹಿಡಿದರೆ ಧೂಳು ಇನ್ನೂ ಆಳಕ್ಕೆ ಕೂರುತ್ತದೆ. ದೀಪ ಒಳಗಿಟ್ಟು ನೋಡಿ, ಒಂದು ಚುಕ್ಕೆ ಬೆಳಕು ನೇರ ಬಂದರೂ ಎಸೆದುಬಿಡಿ.

ಇವರು ಎಲ್ಲಕ್ಕೂ ತಲೆಯಾಡಿಸಿದರು. ಹೊರಗೆ ಬಂದ ಮೇಲೆ ಹೊಸ ಫಿಲ್ಟರನ್ನು ಕೂಸಿನ ಹಾಗೆ ಎದೆಗವಚಿಕೊಂಡು, “ಎಣ್ಣೆ ಇಲ್ದೆ ಧೂಳ ಇಡಿತದಂತಾ? ಅದೆಂಗೆ?” ಎಂದು ತಮಗೆ ತಾವೇ ಹೇಳಿಕೊಂಡರು.

ಮನೆಗೆ ಬಂದು ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿದ್ದಾಯಿತು. ಬೂದಿಬಣ್ಣಕ್ಕೆ ತಿರುಗಿದ್ದ ಹಳೆಯದನ್ನು ಮಲ್ಲಿ ಕಸದ ಡಬ್ಬಕ್ಕೆ ಹಾಕಿದಳು. ಅತ್ತೆ ಹೋಗಿ ಎತ್ತಿಕೊಂಡು ಬಂದರು.

“ಎಷ್ಟ್ ಚೆಂದಾಗದೆ! ಅಟ್ಟೀಲಿ ಗಾಳೀಗೆ ದೀಪ ಆರೋಗ್ತದಲ್ಲ, ಇದ್ರೊಳಗೆ ಇಟ್ರೆ ಸರೋಯ್ತದೆ.”

“ಅವ್ವಾ, ಇದ ವಿಮಾನದಲ್ಲಿ ಒತ್ಕೊಂಡ್ ಓದಿಯಾ? ನಗಾಡ್ತರೆ ಕಣವ್ವ. ಎಸಿ ಅತ್ಲಾಗೆ!”

ಅತ್ತೆ ಎಸೆದಂತೆ ಮಾಡಿದರು. ಅವರು ಯಾವುದನ್ನೂ ಎಸೆಯುವವರಲ್ಲ ಎಂದು ನನಗೆ ಗೊತ್ತು.

ಮರಳಿನ ಬಾಗಿಲು

ಬೆಳಿಗ್ಗೆ ಇವರು ನಮಗಿಂತ ಮೊದಲೇ ಎದ್ದು ಗಾಡಿಯ ಹತ್ತಿರ ಏನೋ ಮಾಡುತ್ತಿದ್ದರು. ಬುತ್ತಿ ಕಟ್ಟುತ್ತಾ ಕಿಟಕಿಯಲ್ಲಿ ನೋಡಿದೆ: ಬೆರಳುಗಳು ಮಿರಮಿರ ಮಿಂಚುತ್ತಿದ್ದವು, ಒರೆಸಿಕೊಳ್ಳುತ್ತಿದ್ದರು. ಕೇಳಿದ್ದಕ್ಕೆ, “ಎಲ್ಲ ಸರಿ ಮಾಡಿವ್ನಿ, ಬಾ ಬಾ,” ಅಂದರು.

ಟಾರು ರಸ್ತೆ ಮುಗಿಯುವಲ್ಲಿ ಮರಳು ಶುರು. ನಿಧಾನಕ್ಕೆ ಬರಬಹುದು ಅಂದುಕೊಂಡಿದ್ದೆ. ಇಲ್ಲ, ಬಾಗಿಲು ತೆಗೆದ ಹಾಗೆ ಎದುರಿಗೇ ನಿಂತಿತು. ಹದವಾಗಿ ಹುರಿದ ರವೆಯ ಬಣ್ಣ. ದಿಬ್ಬದ ಹಿಂದೆ ದಿಬ್ಬ, ಅದರ ಹಿಂದೆ ಇನ್ನೊಂದು. ನಮ್ಮ ಬೆಟ್ಟ ಇವತ್ತು ಎಲ್ಲಿದೆಯೋ ನಾಳೆಯೂ ಅಲ್ಲೇ ಇರುತ್ತದೆ; ಈ ದಿಬ್ಬಗಳು ಗಾಳಿಗೆ ಜಾಗ ಬದಲಾಯಿಸುತ್ತವಂತೆ. ಕೇಳಿಯೇ ಮೈ ಜುಮ್ಮೆಂದಿತು. ನಾನು ಚಪ್ಪಲಿ ಬಿಟ್ಟು ಇಳಿದು, ಸುಟ್ಟುಕೊಂಡು, ಮತ್ತೆ ಹತ್ತಿದೆ.

ಮಲ್ಲಿ ಇಳಿದು ನಾಲ್ಕು ಚಕ್ರದ ಗಾಳಿಯನ್ನೂ ಉಸ್ಸೆಂದು ಬಿಡತೊಡಗಿದಳು. ಇವರು ಓಡಿಬಂದರು.

“ಏಯ್ ಏಯ್, ಗಾಳಿ ಯಾಕ್ ಬುಡ್ತಿದ್ದೀಯೆ?”

“ಟಯರ್ ಮೆತ್ತಗಾದ್ರೆ ಒಂಟೆ ಪಾದದಂಗೆ ಅಗಲ ಆಯ್ತದೆ ಕಣಣ್ಣ. ಇಲ್ದಿದ್ರೆ ಊತ್ಕೊಂಬುಡ್ತದೆ. ವಾಪಸ್ ಬರೋವಾಗ ತುಂಬಕೆ ಪಂಪ್ ಐತೆ ಹಿಂದ್ಗಡೆ.”

ಜೀವನವೆಲ್ಲ ಗಾಳಿ ತುಂಬಿಸಿಯೇ ದುಡಿದ ಮನುಷ್ಯ ಆ ಉಸ್ ಶಬ್ದ ಕೇಳಲಾರದೆ ಬೇರೆ ಕಡೆ ತಿರುಗಿ ನಿಂತರು.

ಅಲ್ಲಿಂದ ಮುಂದೆ ಏನು ಹೇಳಲಿ! ಏರುತ್ತೇವೆ, ತುದಿಯಲ್ಲಿ ಆಕಾಶ ಬಿಟ್ಟರೆ ಏನೂ ಕಾಣುವುದಿಲ್ಲ, ಜಾರುತ್ತೇವೆ, ಹೊಟ್ಟೆ ಗಂಟಲಿಗೆ ಬರುತ್ತದೆ. ನಾನು ಕಿರುಚಿದೆ, ನಕ್ಕೆ. ಅತ್ತೆ ಒಂದು ಕೈಯಲ್ಲಿ ಸೀಟು, ಇನ್ನೊಂದರಲ್ಲಿ ಕಂಬಳಿ ಹಿಡಿದು, ಮಲ್ಲಿ ಹೇಳಿಕೊಟ್ಟ ‘ಶುಕ್ರನ್’ ಅನ್ನುವ ಅವರ ಭಾಷೆಯ ಉಪಕಾರದ ಮಾತನ್ನು ಬಾಯಿಪಾಠ ಮಾಡುತ್ತಿದ್ದರು. ಆ ತಾಯಿಯನ್ನು ಎಲ್ಲರೂ ಉಮ್ ಸಾಲಿಂ ಅನ್ನುತ್ತಾರೆ, ಎಂದರೆ ಸಾಲಿಮನ ತಾಯಿ. ಅತ್ತೆಗೆ ಅದು ಬಹಳ ಹಿಡಿಸಿತು. ಊರಿನಲ್ಲಿ ಅವರ ಹೆಸರು ಯಾರಿಗೆ ಗೊತ್ತು, ಎಲ್ಲರಿಗೂ ಮಾದೇವ್ನವ್ವ.

ದಿಬ್ಬಗಳ ನಡುವೆ

ನಡುಹಗಲು ಕಳೆದಿತ್ತು. ಗಾಡಿ ಮೊದಮೊದಲು ಏರಿದ ಏರನ್ನು ಈಗ ಏರಲಾರದೆ ಏದುಸಿರು ಬಿಡತೊಡಗಿತು. ಹಿಂದೆ ಕಪ್ಪು ಹೊಗೆ, ಒದ್ದೆ ಸೌದೆ ಒಲೆಗಿಟ್ಟ ಹಾಗೆ. ಒಂದು ದಿಬ್ಬದ ಅರ್ಧದಲ್ಲಿ ಗೊರ್ ಎಂದು ನಿಂತೇಹೋಯಿತು.

ಮಲ್ಲಿ ಬಾನೆಟ್ ಎತ್ತಿದಳು. ಫಿಲ್ಟರಿನ ಡಬ್ಬದ ಕ್ಲಿಪ್ಪು ಬಿಚ್ಚಿ ನೋಡಿ, ಹಾಗೇ ನಿಂತಳು. ನಿನ್ನೆ ಯೂನಿಫಾರ್ಮಿನಂತಿದ್ದ ನೆರಿಗೆಗಳೆಲ್ಲ ಒಂದಕ್ಕೊಂದು ಅಂಟಿ, ಮಳೆಯಲ್ಲಿ ನೆನೆದ ನ್ಯೂಸ್ ಪೇಪರಿನಂತಾಗಿದ್ದವು. ಅದರ ಮೇಲೆ ಮರಳಿನ ಹಿಟ್ಟು ಮೆತ್ತಿ, ನಿಪ್ಪಟ್ಟಿಗೆ ಕಲಸಿಟ್ಟಂತೆ.

“ಅಣ್ಣಾ. ಎಣ್ಣೆ ಆಕ್ದಾ ಇದ್ಕೆ?”

“ವಸಿ…”

“ವಸಿ?”

“ವಸಿಯೇ ಕಣಮ್ಮಿ. ಸುತ್ತ ಸವರ್ದೆ. ಧೂಳು ಎಚ್ಚಿರ್ತದೆ, ಒಳ್ಳೇದಾಗ್ಲಿ ಅಂತ…”

“ಅಂಗಡಿಯವ್ರು ಬ್ಯಾಡ ಅಂದ್ರಲ್ಲ!”

“ಅವ್ರು ಕಾಗ್ದುದ್ ಯಾಪಾರದವ್ರು. ಅಂದೇ ಅಂತರೆ.”

ಅತ್ತೆ ಗಾಡಿಯೊಳಗಿಂದಲೇ ಕೂಗಿದರು: “ನಿಮ್ಮಪ್ಪನೂ ಇಂಗೇ ಕಣ್ಲಾ! ಮಂಡಿ ನೋವ್ಗೂ ಎಣ್ಣೆ, ಕಿವಿ ನೋವ್ಗೂ ಎಣ್ಣೆ, ಬಾಗ್ಲು ಕಿರ್ಗುಟ್ಟುದ್ರೂ ಎಣ್ಣೆ! ಎತ್ತಾಕೊಂಡ್ ಉಯ್ಯೋದೇ!”

ಯಾರೂ ನಗಲಿಲ್ಲ. ಮಲ್ಲಿಯ ಫೋನಿನಲ್ಲಿ ಸಿಗ್ನಲ್ ಇರಲಿಲ್ಲ. ಬಿಡಾರಕ್ಕೆ ಇನ್ನೂ ಕೆಲವು ದಿಬ್ಬ ದಾಟಬೇಕು; ನೆರಳು ಉದ್ದವಾಗತೊಡಗಿತ್ತು. ಫಿಲ್ಟರ್ ತೆಗೆದು ಹಾಗೇ ಓಡಿಸೋಣ ಎಂದರು ಇವರು. ಮಲ್ಲಿ ಒಪ್ಪಲಿಲ್ಲ. ಈ ಮರಳು ಒಳಗೆ ಹೋದರೆ ಎಂಜಿನ್ನಿನ ಕರುಳಿಗೆ ಉಪ್ಪುಕಾಗದ ಉಜ್ಜಿದಂತೆ, ಬಿಡಾರ ಮುಟ್ಟಿದರೂ ಹಿಂತಿರುಗುವುದಿಲ್ಲ ಎಂದಳು.

ಆಗ ಅತ್ತೆ ಬಗ್ಗಿ, ತಮ್ಮ ಸೀಟಿನ ಕೆಳಗಿಂದ ಗಂಟು ಕಟ್ಟಿದ ಪ್ಲಾಸ್ಟಿಕ್ ಕವರೊಂದನ್ನು ಎಳೆದರು. ಒಳಗೆ ಆ ಹಳೆಯ ಫಿಲ್ಟರ್!

“ಎಸಿಲಿಲ್ವಾ ನೀನು?”

“ಎಸಿಯಕೆ ಮನ್ಸ್ ಬರ್ನಿಲ್ಲ. ಮನೇಲಿಟ್ರೆ ನೀನ್ ಎಸ್ದ್‌ಬುಡ್ತೀಯ ಅಂತ ಒತ್ಕೊಂಡ್ ಬಂದೆ. ಬಯ್ಯಾದಿದ್ರೆ ಆಮೇಲ್ ಬಯ್ಯಿ.”

ಮಲ್ಲಿ ತಾಯಿಯ ಕೆನ್ನೆ ಹಿಂಡಿದಳು. ಇವರು ಫಿಲ್ಟರನ್ನು ಕಸಿದು ಚಕ್ರಕ್ಕೆ ಬಡಿಯಲು ಹೋದರು.

“ಕೊಡಿಲ್ಲಿ!” ಎಂದು ಅತ್ತೆ ಕಿತ್ತುಕೊಂಡರು. “ಉಳ್ಳಿ ಬಡ್ದಂಗೆ ಬಡೀಬಾರ್ದು, ರಾಗಿ ಜರಡಿ ತಟ್ಟುದಂಗೆ ತಟ್ಬೇಕು. ಕಾಗ್ದ ಅದು, ಅರ್ದೋಗ್ತದೆ.”

ಕೂತು, ಮಡಿಲಲ್ಲಿ ಓರೆಯಾಗಿಟ್ಟುಕೊಂಡು, ಅಂಗೈಯಿಂದ ತಟ್ಟುತ್ತಾ ತಿರುಗಿಸುತ್ತಾ ಹೋದರು. ಬೂದಿಯಂಥ ಧೂಳು ಸುರಿಯಿತು; ಅವರ ಕೈ ಮೊಣಕೈ ತನಕ ಕರಿಯಾಯಿತು. ಚಕ್ರಕ್ಕೆ ಗಾಳಿ ತುಂಬುವ ಪಂಪನ್ನು ಮಲ್ಲಿ ತಂದಳು. ಒಳಗಿನಿಂದ ಹೊರಕ್ಕೆ ಅಂತ ನಾನು ನೆನಪಿಸಿದೆ. ಇವರು ಪೈಪನ್ನು ಒಳಗೆ ತೂರಿಸಿ, ದೂರದಿಂದ ಮೆಲ್ಲಗೆ ಗಾಳಿ ಹಿಡಿದರು. ನೆರಿಗೆ ನೆರಿಗೆಯಿಂದ ಹೊಗೆಯಂತೆ ಧೂಳೆದ್ದು ಇವರ ಮುಖಕ್ಕೇ ಬಡಿಯಿತು.

“ಗುಮಟಾಪುರದ ಗೊರೆ ಹಬ್ಬದಲ್ಲಿ ಸಗಣಿ ಎರಚಿಸ್ಕೊಂಡ್ ಬಂದಂಗಿದ್ದೀಯ ಕಣ್ಲಾ,” ಎಂದರು ಅತ್ತೆ. ಈ ಸಲ ಎಲ್ಲರೂ ನಕ್ಕೆವು.

ಎಂಜಿನ್ನಿಗೆ ಹೋಗುವ ಪೈಪಿನ ಬಾಯಿ ತೆರೆದೇ ಇತ್ತು. ಡಬ್ಬ ಒರೆಸುವಾಗ ಧೂಳು ಅದರೊಳಗೆ ಬೀಳಬಾರದಲ್ಲ. ನನ್ನ ಕರ್ಚೀಫನ್ನು ಅಲ್ಲಿ ತುರುಕಿದೆ. ಕಾನ್ವೆಂಟು ಬಿಟ್ಟು ಎಷ್ಟು ಕಾಲವಾದರೂ ಸೊಂಟದಲ್ಲಿ ಕರ್ಚೀಫಿಲ್ಲದೆ ನಾನು ಮನೆ ಬಿಡುವುದಿಲ್ಲ. ಎಣ್ಣೆ ಮರಳು ಎರಡನ್ನೂ ಒರೆಸಿ ತೆಗೆದೆವು. ಡಬ್ಬದ ತಳದಲ್ಲಿ ಧೂಳು ಉದುರಿಹೋಗಲು ಒಂದು ರಬ್ಬರು ತುಟಿ. ಅದನ್ನು ಹಿಂಡಿದರೆ ಪುಸಪುಸ ಮರಳು ಇಳಿಯಿತು. “ಮೇಕೆ ಕೆಚ್ಚಲಂಗದೆ,” ಎಂದು ಅತ್ತೆ ಇನ್ನೆರಡು ಸಲ ಹಿಂಡಿದರು.

ಉಳಿದದ್ದು ದೀಪದ ಪರೀಕ್ಷೆ. ಫೋನಿನ ಟಾರ್ಚನ್ನು ಫಿಲ್ಟರಿನೊಳಗಿಟ್ಟರೆ ಆ ಬಿಸಿಲಿನಲ್ಲಿ ಬೆಳಕೇ ಕಾಣದು. ತೂತು ಬಿದ್ದಿದ್ದರೆ? ಅದನ್ನು ಹಾಕಿಯೂ ಹಾಕದಂತೆಯೇ. ಕತ್ತಲೆ ಬೇಕು, ಮರಳುಗಾಡಿನ ಹಗಲಿನಲ್ಲಿ ಕತ್ತಲೆ ಎಲ್ಲಿಂದ ತರುವುದು? ನನ್ನ ಕಣ್ಣು ಅತ್ತೆಯ ಚೀಲದ ಮೇಲೆ ಬಿತ್ತು. ಅವರದೂ ಬಿತ್ತು.

“ಒಸ ಕಂಬಳಿ ಕಣವ್ವ… ಅವ್ಳಿಗೆ ಕೊಡಾದು…” ಅಂದರು. ಅಂದವರೇ ಬಿಚ್ಚಿದರು.

ನಾವು ನಾಲ್ವರೂ ದಿಬ್ಬದ ಮೇಲೆ ಕುಕ್ಕರಗಾಲಲ್ಲಿ ಕೂತು ಕರಿ ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡೆವು. ಒಳಗೆ ಬೆವರು, ಉಣ್ಣೆಯ ವಾಸನೆ, ನಾಲ್ಕು ಜನರ ಉಸಿರು. ಮಲ್ಲಿ ಟಾರ್ಚು ಹೊತ್ತಿಸಿ ಫಿಲ್ಟರಿನೊಳಗೆ ಇಳಿಬಿಟ್ಟಳು. ಅಬ್ಬಾ! ನೆರಿಗೆ ನೆರಿಗೆಯೂ ಜೇನಿನ ಬಣ್ಣದಲ್ಲಿ ಹೊತ್ತಿಕೊಂಡಿತು. ತಿಂಗಳ ಬೆಳಕನ್ನು ಮಡಿಸಿ ಮಡಿಸಿ ಇಟ್ಟ ಹಾಗೆ. ಮೆಲ್ಲಗೆ ತಿರುಗಿಸುತ್ತಾ ಚುಕ್ಕೆ ಹುಡುಕಿದೆವು. ಒಂದು ಸುತ್ತು. ಇನ್ನೊಂದು ಸುತ್ತು. ಒಂದು ಚುಕ್ಕೆಯೂ ಇಲ್ಲ!

“ನಾ ಏಳ್ನಿಲ್ವಾ,” ಎಂದರು ಅತ್ತೆ ಕತ್ತಲಲ್ಲಿ, “ದೀಪಕ್ಕೆ ಸರೋಯ್ತದೆ ಅಂತ?”

ಕೂರಿಸಿದ್ದಾಯಿತು, ರಬ್ಬರಿನ ಅಂಚು ಸುತ್ತಲೂ ಸರಿಯಾಗಿ ಕೂತಿದೆಯೇ ಎಂದು ಬೆರಳಾಡಿಸಿ ನೋಡಿದ್ದಾಯಿತು. ಇವರು ಮುಚ್ಚಳ ಹಾಕುವ ಮೊದಲು ನಾನು ತಡೆದು, ಫಿಲ್ಟರಿನ ನಡುವಿನ ತೆರಪಿಗೆ ಕೈ ಇಳಿಸಿ, ಪೈಪಿನೊಳಗಿಂದ ನನ್ನ ಕರ್ಚೀಫನ್ನು ಎಳೆದುಕೊಂಡೆ. ಇವರು ನನ್ನನ್ನು ನೋಡಿದ ನೋಟವನ್ನು ಬರೆದರೆ ಬಯ್ಯುತ್ತಾರೆ, ಬಿಟ್ಟಿದ್ದೇನೆ.

ಗಾಡಿ ಒಮ್ಮೆ ಕೆಮ್ಮಿತು. ಎರಡು ಉಂಡೆ ಕಪ್ಪು ಹೊಗೆ ಉಗುಳಿತು. ಆಮೇಲೆ ಅದರ ಗಂಟಲು ಬಿಟ್ಟುಕೊಂಡ ಶಬ್ದ ನನಗೂ ಗೊತ್ತಾಯಿತು. ಮಲ್ಲಿ ಹಿಂದಕ್ಕೆ ಜಾರಿಸಿ, ವೇಗ ಹಿಡಿದು, ಒಂದೇ ಉಸಿರಿಗೆ ದಿಬ್ಬ ಹತ್ತಿಸಿದಳು. ನಾವು ಬಸ್ಸಿನ ಮೇಲಿನ ಹುಡುಗರಂತೆ ಕೂಗಿದೆವು!

ಉಮ್ ಸಾಲಿಂ ಬಿಡಾರ

ಬಿಡಾರ ಅನ್ನುವುದು ಉಳಿದಿರಲಿಲ್ಲ. ಗುಡಾರ ಬಿಚ್ಚಿ ಲಾರಿಗೆ ಹೇರಿದ್ದರು, ಮೇಕೆಗಳು ಮೇಲೇರಿ ನಮ್ಮನ್ನೇ ನೋಡುತ್ತಿದ್ದವು. ಮರಳಿನ ಮೇಲೆ ಉಳಿದದ್ದು ಒಂದು ಚಾಪೆ, ಒಂದು ಕಾಫಿ ಫ್ಲಾಸ್ಕು. ಚಾಪೆಯ ಮೇಲೆ ಮುಖಕ್ಕೆ ಕೊಕ್ಕಿನಂಥ ಮುಸುಕು ಹಾಕಿದ ಹೆಂಗಸು. ಇನ್ನು ಬರಲಾರರು, ಹೊರಡೋಣ ಎಂದು ಮಗ ಅನ್ನುತ್ತಲೇ ಇದ್ದನಂತೆ. ಇನ್ನೊಂದು ಬಟ್ಟಲು ಕಾಫಿ ಕುಡಿದು ಹೊರಡೋಣ ಎಂದು ಅವಳು ಕೂತೇ ಇದ್ದಳಂತೆ.

ಮಲ್ಲಿಯನ್ನು ಕಂಡವಳೇ ಎದ್ದು ಬಂದು ಅಪ್ಪಿಕೊಂಡಳು. ಮುಖ ಕಾಣುವುದಿಲ್ಲ, ಕಣ್ಣು, ಮತ್ತೆ ಕೈ. ಗೋರಂಟಿಯಲ್ಲಿ ಕೆಂಪಾದ, ಗೆಣ್ಣು ದಪ್ಪವಾದ ಕೈ. ಅತ್ತೆ ಆ ಕೈಯನ್ನೇ ನೋಡುತ್ತಾ ನಿಂತುಬಿಟ್ಟರು. ದಾರಿಯುದ್ದ ಬಾಯಿಪಾಠ ಮಾಡಿದ ಮಾತು ಬರಲಿಲ್ಲ. ತಮ್ಮ ಕೈ ನೆನಪಾಯಿತೇನೋ, ಮೊಣಕೈ ತನಕ ಫಿಲ್ಟರಿನ ಮಸಿ, ತಟ್ಟನೆ ಸೆರಗಿನೊಳಗೆ ಅಡಗಿಸಿಕೊಂಡರು.

“ನೀನೇ ಕೊಡವ್ವ,” ಎಂದು ಕಂಬಳಿಯ ಕಡೆ ಗದ್ದ ತೋರಿಸಿದರು. ನಾನು ಕೊಟ್ಟೆ. ಉಮ್ ಸಾಲಿಂ ಅದನ್ನು ಬಿಚ್ಚಿ, ಅಂಚನ್ನು ಉಜ್ಜಿ ನೋಡಿ, ಮೂಸಿ, ಏನೋ ಕೇಳಿದಳು.

“ಯಾವ ಮೇಕೇದು ಅಂತವ್ರೆ ಕಣವ್ವ,” ಎಂದಳು ಮಲ್ಲಿ.

“ಮೇಕೆ ಅಲ್ಲ, ಕುರಿ ಅಂತ ಏಳು. ಕರಿ ಕುರಿ. ನನ್ ತವರಿಂದು ಅಂತಾನೂ ಏಳು. ವಸಿ ಧೂಳಾಗದೆ, ಒದ್ರುದ್ರೆ ಓಯ್ತದೆ ಅಂತಾನೂ…”

ಮಲ್ಲಿ ಹೇಳುವಷ್ಟರಲ್ಲಿ ಉಮ್ ಸಾಲಿಂ ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡಿದ್ದಳು, ಆ ಬಿಸಿಲಿನಲ್ಲಿ! ಆಮೇಲೆ ಅತ್ತೆಯ ಸೆರಗಿನ ಕಡೆ ನೋಡಿದಳು. ಹತ್ತಿರ ಬಂದು ಸೆರಗು ಸರಿಸಿ ಆ ಎರಡೂ ಕೈಗಳನ್ನು ಹೊರಗೆಳೆದಳು. ಅತ್ತೆ ನಾಚಿಕೆಯಿಂದ ಹಿಂದೆಳೆದುಕೊಂಡರು, ಅವಳು ಬಿಡಲಿಲ್ಲ. ಮಗನಿಗೆ ಕೂಗಿದಳು. ಅವನು ಲಾರಿಗೆ ಹೇರಿದ್ದ ನೀರಿನ ಕ್ಯಾನನ್ನು ಇಳಿಸಿ ತಂದ.

ಇಲ್ಲಿ ಊಟಕ್ಕೆ ಮೊದಲು ಬಂದವರ ಕೈಗೆ ನೀರು ಹುಯ್ಯುವುದು ವಾಡಿಕೆಯಂತೆ. ಉಮ್ ಸಾಲಿಂ ಹುಯ್ಯಲು ಮಗನಿಗೆ ಹೇಳಿ, ತಾನೇ ಕೂತು ಅತ್ತೆಯ ಕೈ ಹಿಡಿದು ತೊಳೆದಳು. ಬೆರಳ ಸಂದಿ, ಉಗುರು, ಬಳೆಯ ಕೆಳಗೆ. ಏನೋ ಹೇಳುತ್ತಲೇ ಇದ್ದಳು. ಅತ್ತೆಯೂ ಹೇಳುತ್ತಿದ್ದರು, ಮಗಳ ಜ್ವರ, ಗಂಜಿ, ಬಿಚ್ಚಿದ ಫಿಲ್ಟರು ಎಲ್ಲವನ್ನೂ, ನಮ್ಮ ಭಾಷೆಯಲ್ಲೇ. ಮಲ್ಲಿ ಇಬ್ಬರಿಗೂ ಅರ್ಥ ಹೇಳುವುದನ್ನು ಬಿಟ್ಟುಬಿಟ್ಟಳು. ಕರಿ ನೀರು ಮರಳಿಗೆ ಬಿದ್ದಷ್ಟೂ ಇಂಗಿತು.

ಲಾರಿ ಹೊರಟು ದಿಬ್ಬದ ಹಿಂದೆ ಮರೆಯಾದ ಮೇಲೂ ಅತ್ತೆ ಕೈ ಒರೆಸಿಕೊಳ್ಳಲಿಲ್ಲ. ಇವರು ಚಕ್ರಗಳ ಸುತ್ತ ಸುಮ್ಮನೆ ಓಡಾಡುತ್ತಿದ್ದರು. ಅತ್ತೆ ಒದ್ದೆ ಕೈಗಳನ್ನು ಮುಂದೆ ಚಾಚಿಕೊಂಡೇ ನನ್ನ ಪಕ್ಕ ಬಂದು ಕೂತರು.

“ಆ ಕೈಯ ನಾ ಮುಟ್ಬೇಕು ಅಂತ ಬಂದೆ ಕಣವ್ವ,” ಎಂದರು. “ನನ್ ಕೈಯೇ ತೊಳ್ದ್‌ಬುಟ್ಲಲ್ಲ.”